ಮೂರನೇ ಗಾಜು

ಕಿಟಕಿಯ ಕೆಳಗಿನ ಕಲ್ಲಂಚು ಹಿಡಿದು ನೇತಾಡುತ್ತಿದ್ದೆ.

ಮೇಲೆ ಒಬ್ಬ ಕಿಟಕಿಯಿಂದ ಕಾಲು ಹೊರಗೆ ಹಾಕಿ, ಬೂಟಿನ ಹಿಮ್ಮಡಿಯಿಂದ ನನ್ನ ಬೆರಳುಗಳನ್ನು ತುಳಿಯುತ್ತಿದ್ದ.

ಕೆಳಗೆ ಪ್ರವಾಸಿಗರು ಫೋಟೊ ತೆಗೆಯುತ್ತಿದ್ದರು!

ನಗಬೇಡಿ. ನಮ್ಮ ಬೀದಿಯೇ ಹಾಗೆ. ಇನ್ನೂರು ವರ್ಷ ಹಳೆಯ ಮನೆಗಳು, ಕಲ್ಲು ಹಾಸಿದ ರಸ್ತೆ, ನಡುವೆ ಒಂದು ಕಾರಂಜಿ. ಬನಿಯನ್ ಹಾಕಿಕೊಂಡು ಕಿಟಕಿಯಲ್ಲಿ ಹಲ್ಲುಜ್ಜಿದರೂ ಯಾರದೋ ಆಲ್ಬಂ ಸೇರುತ್ತೀರಿ. ಗೈಡ್ ನನ್ನ ಕಡೆ ಕೈ ತೋರಿಸಿ ಏನೋ ಹೇಳಿದ. ಕಾರ್ಯಕ್ರಮದ ಭಾಗ ಎಂದುಕೊಂಡರೋ ಏನೋ, ಇಬ್ಬರು ಚಪ್ಪಾಳೆ ತಟ್ಟಿದರು.

ಮೇಲಿದ್ದವನನ್ನು ಬೀದಿಯವರು ‘ಕೋಟು’ ಎನ್ನುತ್ತಾರೆ. ಬಿಸಿಲಿರಲಿ, ಚಳಿಯಿರಲಿ, ಮೈಮೇಲೆ ಕೋಟು. ನಮ್ಮ ಮನೆಯಿರುವ ಜಾಗದಲ್ಲಿ ಹೋಟೆಲ್ ಎಬ್ಬಿಸಬೇಕು ಎಂದು ಕಾದಿರುವ ಕಂಪನಿಯ ಮನುಷ್ಯ. ಮಾತು ಮಾತ್ರ ಬೆಣ್ಣೆ.

“ಕೈ ಬಿಡಿ ಬಾಸ್,” ಎಂದ. “ಸುಮ್ನೆ ನೋವು ಮಾಡ್ಕೋಬೇಡಿ.”

“ಮೇಲೆ ಬಂದ್ನೋ, ನೋವು ಯಾರಿಗೆ ಅಂತ ತೋರಿಸ್ತೀನಿ.”

ಹಿಮ್ಮಡಿ ಮತ್ತೆ ಬಿತ್ತು. ಎಡಗೈ ಜಾರಿತು. ತಲೆ ತಿರುಗಿಸಿ ನೋಡಿದೆ. ನೇರ ಕೆಳಗೆ ಕಾಫಿ ಅಂಗಡಿಯ ಬಟ್ಟೆಯ ಚಪ್ಪರ. ನಮ್ಮ ಬೀದಿಯ ಎಲ್ಲ ಚಪ್ಪರಗಳಂತೆ ಅದೂ ಕಡುಹಸಿರು. ಬೇರೆ ಬಣ್ಣಕ್ಕೆ ಅನುಮತಿ ಇಲ್ಲ.

ಕೈ ಬಿಟ್ಟೆ!

* * *

ಬೀಳುವ ಹೊತ್ತಿನಲ್ಲಿ ನಿಮಗೆ ಹಿಂದಿನದನ್ನು ಹೇಳಿಬಿಡುತ್ತೇನೆ.

ಮನೆ ನನ್ನದಲ್ಲ, ಅಕ್ಕನದು. ಭಾವ ತೀರಿಕೊಂಡ ಮೇಲೆ ಅವಳ ಪಾಲಿಗೆ ಬಂದದ್ದು. ಕೆಳಗೆ ಅಕ್ಕ. ನಡುವಿನ ಮಹಡಿಯಲ್ಲಿ ಪಿಟೀಲು ಮೇಷ್ಟ್ರು ಮತ್ತು ಹಾಸಿಗೆ ಹಿಡಿದಿರುವ ಅವರ ಹೆಂಡತಿ. ಮೇಲೆ, ಸೂರಿನಡಿ, ನಾನು. ಅಪ್ಪ ಅಮ್ಮ ಹೋದಾಗ ನಾನಿನ್ನೂ ಸ್ಕೂಲಿನಲ್ಲಿದ್ದೆ. ನನ್ನನ್ನು ಕರೆತಂದು ಸಾಕಿದವಳು ಅಕ್ಕ. ದೊಡ್ಡವನಾದ ಮೇಲೆ ನಾನು ಹಿಡಿದ ಕಸುಬು ಅವಳಿಗೆ ಹಿಡಿಸಲಿಲ್ಲ. ಜನರ ತಲೆನೋವುಗಳನ್ನು ನಾನು ಬಗೆಹರಿಸುತ್ತೇನೆ, ಕೆಲವೊಮ್ಮೆ ಮಾತಿನಲ್ಲಿ, ಕೆಲವೊಮ್ಮೆ ಮುಷ್ಟಿಯಲ್ಲಿ. ಆದರೂ ಊಟಕ್ಕೆ ತಡವಾದರೆ ಅವಳು ತಟ್ಟೆ ಮುಚ್ಚಿಟ್ಟು ಕಾಯುತ್ತಿದ್ದಳು.

ಆರು ತಿಂಗಳ ಹಿಂದೆ ಮೆಟ್ಟಿಲ ಗೋಡೆ ಬಿರುಕು ಬಿಟ್ಟಿತು. ಕೆಳಗಿಂದ ಮೇಲಿನವರೆಗೆ ಒಂದೇ ಸೀಳು.

ಇಂಥ ಮನೆಗೆ ಬಿರುಕು ಬಿಟ್ಟರೆ ನಗರಸಭೆಯ ಇಂಜಿನಿಯರ್ ಬರುತ್ತಾರೆ. ಬಿರುಕಿನ ಮೇಲೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿ ಇಟ್ಟು, ಎರಡೂ ತುದಿಗೆ ಪ್ಲಾಸ್ಟರ್ ಮೆತ್ತುತ್ತಾರೆ. ಗೋಡೆ ಕೂದಲೆಳೆಯಷ್ಟು ಸರಿದರೂ ಗಾಜು ಪಟ್ಟೆಂದು ಸೀಳುತ್ತದೆ. ಸೀಳದಿದ್ದರೆ ಮನೆ ಗಟ್ಟಿ ಎಂದರ್ಥ. ನಮ್ಮ ಮನೆಯಲ್ಲಿ ಮಹಡಿಗೆ ಒಂದರಂತೆ ಮೂರು ಗಾಜು ಹಚ್ಚಿದರು. ಮೂರೂ ಒಡೆದರೆ ಅಂದೇ ಎಲ್ಲರನ್ನೂ ಖಾಲಿ ಮಾಡಿಸಬೇಕಾಗುತ್ತದೆ ಎಂದು ಇಂಜಿನಿಯರ್ ಮೇಡಂ ಆಗಲೇ ಹೇಳಿದ್ದರು. ಖಾಲಿಯಾದ ಮನೆಯನ್ನು ಕೆಡವಬಹುದು. ಕೆಡವಿದ ಜಾಗದಲ್ಲಿ ಹೋಟೆಲ್ ಏಳಬಹುದು. ಮೇಷ್ಟ್ರು ಬಹಳ ಹಳೆಯ ಬಾಡಿಗೆದಾರರು. ಮನೆ ಅಪಾಯದಲ್ಲಿದ್ದರೆ ಹೊರತು ಅವರನ್ನು ಎಬ್ಬಿಸಲು ಯಾರಿಂದಲೂ ಸಾಧ್ಯವಿಲ್ಲ.

ಮೊದಲು ಕೆಳಗಿನ ಗಾಜು ಒಡೆಯಿತು. ಆಮೇಲೆ ನಡುವಿನದು.

ಅಕ್ಕ ಕಣ್ಣೊರೆಸಿಕೊಂಡು ನನ್ನ ಬಾಗಿಲಿಗೆ ಬಂದಳು. ಯಾರೋ ಬೇಕೆಂದೇ ಒಡೆಯುತ್ತಿದ್ದಾರೆ, ಹಿಡಿದುಕೊಡು ಎಂದಳು. ಜೀವಮಾನದಲ್ಲಿ ಮೊದಲ ಸಲ ಅವಳು ನನ್ನ ಕಸುಬಿಗೆ ಬೆಲೆ ಕೊಟ್ಟಿದ್ದಳು. ಸತ್ಯ ಹೇಳುತ್ತೇನೆ... ನನಗೆ ಹೆಮ್ಮೆಯಾಯಿತು.

ಬಗ್ಗಿ, ಮಲಗಿ, ಟಾರ್ಚ್ ಹಾಕಿ ನೋಡಿದೆ. ಸುತ್ತಿಗೆ ಏಟು ಬಿದ್ದಿದ್ದರೆ ಮೆಟ್ಟಿಲ ಮೇಲೆ ಚೂರು ಹಾರಿರಬೇಕು. ಒಂದು ಚೂರೂ ಇರಲಿಲ್ಲ. ಅಮೃತಶಿಲೆಯ ಮೆಟ್ಟಿಲು ಫಳಫಳ ಹೊಳೆಯುತ್ತಿತ್ತು. ಹಾಗಾದರೆ ಗೋಡೆ ನಿಜವಾಗಿಯೂ ಸರಿಯುತ್ತಿದೆಯೇ? ನನಗೂ ಅನುಮಾನ ಬಂತು. ಇಂಜಿನಿಯರ್ ಮೇಡಂಗಂತೂ ಅರ್ಧ ನಂಬಿಕೆಯೇ ಬಂದಿತ್ತು. ಇಂದು ಸಂಜೆ ಅವರ ಕೊನೆಯ ತಪಾಸಣೆ.

ಬೆಳಿಗ್ಗೆ ಮೇಷ್ಟ್ರು ನನ್ನನ್ನು ನಿಲ್ಲಿಸಿ, ಸಾಮಾನು ಕಟ್ಟಲೋ ಬೇಡವೋ ಎಂದು ಕೇಳಿದರು. ಅವರ ಹೆಂಡತಿ ಎಷ್ಟೋ ವರ್ಷಗಳಿಂದ ಆ ಮಂಚದ ಮೇಲಿಂದ ಕಾರಂಜಿ ನೋಡುತ್ತಲೇ ದಿನ ಕಳೆದವರು. ಕಟ್ಟಬೇಡಿ, ನಾನಿದ್ದೇನೆ ಎಂದೆ.

ಮೂರನೇ ಗಾಜು ನನ್ನ ಬಾಗಿಲ ಎದುರಿಗೇ ಇದೆ. ಬಾಗಿಲು ತೆರೆದಿಟ್ಟು, ಕುರ್ಚಿ ಹಾಕಿ ಕಾಯುತ್ತಿದ್ದೆ. ಮಧ್ಯಾಹ್ನ ಅಕ್ಕ ಕೆಳಗಿಂದ ಕಾಫಿಗೆ ಕರೆದಳು. ಕುಡಿದು ಮೇಲೆ ಬಂದೆ. ನನ್ನ ಕುರ್ಚಿಯಲ್ಲಿ ಕೋಟು ಕೂತಿದ್ದ!

ಮುಂದಿನದು ನಿಮಗೆ ಗೊತ್ತು.

* * *

ಚಪ್ಪರ ಹರಿಯಿತು. ಯಾರದೋ ಟೇಬಲ್ ಮೇಲೆ ಬಿದ್ದೆ. ಕಪ್ಪುಗಳು ಚೂರಾದವು. ಸೊಂಟ ಹಿಡಿಯಿತು, ಆದರೆ ಕಾಲು ನೆಟ್ಟಗಿತ್ತು.

ಮನೆಯ ಮುಂಬಾಗಿಲಿನಿಂದ ಕೋಟು ಹೊರಬಂದ. ನನ್ನನ್ನು ನೋಡಿದ. ಓಡಿದ.

ನಾನೂ ಓಡಿದೆ.

ನಮ್ಮ ಬೀದಿಗೆ ಕಾರು ಬರುವಂತಿಲ್ಲ. ಎರಡೂ ತುದಿಗೆ ಕಬ್ಬಿಣದ ಕಂಬ ನೆಟ್ಟಿದ್ದಾರೆ. ಎಷ್ಟೇ ದೊಡ್ಡ ಕಂಪನಿಯವನಾದರೂ ಇಲ್ಲಿ ಕಾಲೇ ಗತಿ. ಕೋಟು ಕ್ಯಾಮೆರಾಗಳ ನಡುವೆ ನುಗ್ಗಿದ, ಒಬ್ಬ ಹೆಂಗಸಿನ ಕೊಡೆ ಬೀಳಿಸಿದ, ಹೂವಿನ ಕುಂಡವೊಂದನ್ನು ನನ್ನ ಕಾಲಿಗೆ ಉರುಳಿಸಿದ. ನಾನು ಅದನ್ನು ಹಾರಿದೆ. ಸೊಂಟದಿಂದ ನೆತ್ತಿಯವರೆಗೆ ಮಿಂಚು ಹೊಡೆಯಿತು. ಅವನ ದುಬಾರಿ ಬೂಟಿಗೆ ತೊಗಲಿನ ಅಟ್ಟೆ. ಕಾರಂಜಿಯ ಸುತ್ತ ಕಲ್ಲು ಸದಾ ಒದ್ದೆ. ಈ ಬೀದಿಯಲ್ಲಿ ಬೆಳೆದವರು ಅಲ್ಲಿ ಹೇಗೆ ನಡೆಯುತ್ತಾರೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಜಾರಿ ಅಂಗಾತ ಬಿದ್ದ. ಅವನ ಎದೆಯ ಮೇಲೆ ಮಂಡಿಯೂರಿ ಕಾಲರ್ ಹಿಡಿದೆ.

“ಎರಡು ಗಾಜು ಒಡೆದಿದ್ದೂ ನೀನೇನಾ?”

“ನಾನಾ?” ಏದುಸಿರಿನಲ್ಲೂ ಅವನಿಗೆ ನಗು. “ನನ್ ಕೈಲಿ ಯಾವತ್ತಾದ್ರೂ ಸುತ್ತಿಗೆ ನೋಡಿದೀರಾ ಬಾಸ್?”

“ಮತ್ತೆ ನನ್ ರೂಮಿಗೆ ಯಾಕೆ ಬಂದೆ?”

“ನಿಮ್ಮನ್ನ ಸ್ವಲ್ಪ ಹೊತ್ತು ಆಚೆ ಇರಿಸ್ಬೇಕಿತ್ತು. ಅಷ್ಟೇ ನನ್ ಕೆಲ್ಸ.”

ಜೇಬು ತಡಕಿದೆ. ಕೀಲಿ ಸಿಕ್ಕಿತು. ನಮ್ಮ ಮುಂಬಾಗಿಲ ಕೀಲಿ.

ಅದಕ್ಕೊಂದು ಉಲ್ಲನ್ ಕುಚ್ಚು. ಅಕ್ಕ ಹೆಣೆದದ್ದು. ನನ್ನ ಕೀಲಿಗೆ ಕಪ್ಪು, ಮೇಷ್ಟ್ರಿಗೆ ಕಂದು, ಅವಳಿಗೆ ಹಸಿರು.

ನನ್ನ ಕೈಯಲ್ಲಿದ್ದದ್ದು ಹಸಿರು.

“ಕದ್ದೆಯಾ?”

ಕೋಟು ಮಲಗಿದಲ್ಲಿಂದಲೇ ನಮ್ಮ ಮನೆಯ ಕಡೆ ನೋಡಿದ. “ನೀವಿಲ್ಲಿದೀರಿ,” ಎಂದ. “ಅಲ್ಲಿ ಗಾಜಿನ ಹತ್ರ ಯಾರಿದಾರೆ ಬಾಸ್?”

ಆಗ ಹೊಳೆಯಿತು. ಕೀಲಿಯಿಂದಲ್ಲ. ಮೆಟ್ಟಿಲಿನಿಂದ.

ಚೂರು ಇರಲಿಲ್ಲ ಎಂದರೆ ಚೂರು ಬೀಳಲಿಲ್ಲ ಎಂದಲ್ಲ. ಯಾರೋ ಗುಡಿಸಿದ್ದರು. ಗೂಂಡಾ ಗೋಡೆ ಒಡೆಯುತ್ತಾನೆ, ತಲೆ ಒಡೆಯುತ್ತಾನೆ, ಆದರೆ ಒಡೆದದ್ದನ್ನು ಗುಡಿಸುವುದಿಲ್ಲ. ಮೆಟ್ಟಿಲ ಮೇಲೆ ಒಂದು ಕಸಕಡ್ಡಿ ಬಿದ್ದರೂ ರಾತ್ರಿ ನಿದ್ದೆ ಬಾರದ ಒಬ್ಬಳೇ ಒಬ್ಬಳು ನಮ್ಮ ಮನೆಯಲ್ಲಿದ್ದಳು.

ಇನ್ನೊಂದೂ ನೆನಪಾಯಿತು. ನಡುವಿನ ಗಾಜು ಒಡೆದ ದಿನ ಅಕ್ಕ ಬೆರಳು ಚಾಚಿಕೊಂಡು ಬಂದಿದ್ದಳು. ಹೂದಾನಿ ಒಡೆಯಿತು, ಚೂರು ನಾಟಿದೆ, ತೆಗೆ ಎಂದಿದ್ದಳು. ಚಿಮಟ ಹಿಡಿದು ನಾನೇ ತೆಗೆದೆ. ಹತ್ತಿಯಲ್ಲಿ ಒರೆಸಿ, ಊದಿ, ಬ್ಯಾಂಡೇಜ್ ಕಟ್ಟಿದೆ. ನೋಯಿತಾ ಎಂದು ಬೇರೆ ಕೇಳಿದೆ.

ಕೋಟುವನ್ನು ಅಲ್ಲೇ ಬಿಟ್ಟೆ. ಓಡಿದೆ.

* * *

ಮುಂಬಾಗಿಲು ತೆರೆದೇ ಇತ್ತು. ಅಕ್ಕನ ಹಜಾರ ದಾಟುವಾಗ ಕಪಾಟಿನ ಮೇಲೆ ಕಣ್ಣು ಬಿತ್ತು. ಹೂದಾನಿ ಅಲ್ಲೇ ನಿಂತಿತ್ತು. ಒಂದು ಗೀರೂ ಇಲ್ಲ.

ಬೂಟು ಬಿಚ್ಚಿ ಮೆಟ್ಟಿಲು ಹತ್ತಿದೆ. ಮೇಷ್ಟ್ರ ಬಾಗಿಲು ಮುಚ್ಚಿತ್ತು. ಒಳಗಿನಿಂದ ಪಿಟೀಲಿನ ಸದ್ದಿಲ್ಲ, ಯಾವ ಸದ್ದೂ ಇಲ್ಲ.

ಅಕ್ಕ ಮೂರನೇ ಗಾಜಿನ ಮುಂದೆ ಮಂಡಿಯೂರಿ ಕೂತಿದ್ದಳು. ಕೈಯಲ್ಲಿ ಒರೆಸುವ ಬಟ್ಟೆ. ಬಟ್ಟೆಯೊಳಗೆ ಸುತ್ತಿಗೆ. ಪಕ್ಕದಲ್ಲಿ ಪೊರಕೆ, ಮೊರ.

ಒಡೆಯುವ ಮೊದಲೇ ಗುಡಿಸುವ ತಯಾರಿ!

“ಅಕ್ಕಾ.”

ಅವಳು ಬೆಚ್ಚಲಿಲ್ಲ. ತಿರುಗಿ ನನ್ನ ಬೆರಳುಗಳನ್ನು ನೋಡಿದಳು. ಉಗುರುಗಳು ಕಪ್ಪಾಗಿದ್ದವು.

“ಏನಾಯ್ತೋ ಕೈಗೆ?”

“ನೀನು ಕಳಿಸಿದೋನು ತುಳಿದ. ಕಿಟಕಿಯಿಂದ ತಳ್ಳಿದ.”

“ತಳ್ಳು ಅಂತ ನಾನು ಹೇಳ್ಲಿಲ್ಲ.” ಅವಳು ಪೊರಕೆ ಪಕ್ಕಕ್ಕೆ ಸರಿಸಿದಳು. “ಮಾತಲ್ಲಿ ಹಿಡ್ಕೊಂಡಿರು ಅಂದಿದ್ದೆ, ಅಷ್ಟೇ.”

ನಾನು ಸುತ್ತಿಗೆಗೆ ಕೈ ಚಾಚಿದೆ. ಅವಳು ಕೊಡಲಿಲ್ಲ. ನಾವಿಬ್ಬರೂ ಆ ಮೆಟ್ಟಿಲ ಮೇಲೆ ಕೂತೆವು, ನಡುವೆ ಅವಳ ಹಿಡಿತದಲ್ಲೇ ಸುತ್ತಿಗೆ. ಅವಳು ಮೆಲ್ಲಗೆ ಹೇಳುತ್ತಾ ಹೋದಳು. ಹೆಸರಿಗೆ ತಾನು ಒಡತಿ. ಒಂದು ಮೊಳೆ ಹೊಡೆಯಬೇಕಾದರೂ ನಗರಸಭೆಗೆ ಅರ್ಜಿ. ಬಾಗಿಲಿನ ಬಣ್ಣ ಅವರು ಹೇಳಿದ್ದು, ಕಿಟಕಿಯ ಪರದೆ ಅವರು ಹೇಳಿದ್ದು. ಮೊಣಕಾಲು ಹಿಡಿದ ಮೇಲೆ ಮೆಟ್ಟಿಲಿಗೆ ಕೈಹಿಡಿ ಕಂಬಿ ಹಾಕಿಸಲು ಕೇಳಿದಳಂತೆ. ಇತಿಹಾಸ ಹಾಳಾಗುತ್ತದೆ ಎಂದು ಬರೆದು ಕಳಿಸಿದರಂತೆ. ಇದನ್ನು ಕಂಪನಿಗೆ ಮಾರಿ, ಲಿಫ್ಟ್ ಇರುವ, ಯಾರೂ ಫೋಟೊ ತೆಗೆಯದ ಒಂದು ಮನೆಯಲ್ಲಿ ಸಾಯಬೇಕು ಎಂಬುದೇ ಅವಳ ಆಸೆ.

ನಿಜ ಹೇಳಲೇ? ಅದರಲ್ಲಿ ಒಂದು ಮಾತೂ ನನಗೆ ತಪ್ಪೆನಿಸಲಿಲ್ಲ.

“ನಂಗೆ ಹೇಳಿದ್ರೆ ಎದ್ದು ಹೋಗ್ತಿದ್ದೆ.”

“ನೀನು ಹೋಗ್ತಿದ್ದೆ. ಮೇಷ್ಟ್ರು ಹೋಗ್ತಿರ್ಲಿಲ್ಲ.”

“ಸರಿ. ಮತ್ತೆ ನನ್ನನ್ನ ಯಾಕೆ ಕಾವಲು ಕೂರಿಸ್ದೆ?”

ಅಕ್ಕ ಬಟ್ಟೆಯ ಅಂಚನ್ನು ಮಡಿಸಿದಳು, ಬಿಚ್ಚಿದಳು.

“ನಿನ್ ಕೈಗೆ ಸಿಗದ ಕಳ್ಳ ಇಲ್ಲ ಅಂತ ಬೀದಿಗೆಲ್ಲಾ ಗೊತ್ತು. ನೀನೇ ಹುಡುಕಿ ಯಾರೂ ಸಿಗ್ಲಿಲ್ಲ ಅಂದ್ರೆ, ಗೋಡೆನೇ ಸರೀತಿದೆ ಅಂತ ಎಲ್ರೂ ನಂಬ್ತಾರೆ.”

“ನಾನು ಹಿಡಿದ್ರೆ?”

“ನೀನು ಎಲ್ಲರ್ನೂ ಅನುಮಾನಿಸ್ತೀಯ ಕಣೋ. ನನ್ನನ್ನ ಬಿಟ್ಟು.”

ಕಿಟಕಿಯಿಂದ ಬಿದ್ದಾಗ ನನಗೆ ಅಷ್ಟು ನೋವಾಗಿರಲಿಲ್ಲ. ನನ್ನ ಕಸುಬಿಗೆ ಅವಳು ಬೆಲೆ ಕೊಟ್ಟಳು ಎಂದುಕೊಂಡಿದ್ದೆ. ಅವಳು ಬೆಲೆ ಕಟ್ಟಿದ್ದು ನನ್ನ ನಂಬಿಕೆಗೆ. ಕೆಲಸಕ್ಕೆ ಬರುತ್ತದೆ ಎಂದು ಲೆಕ್ಕ ಹಾಕಿ ಅದನ್ನು ಬಳಸಿಕೊಂಡಿದ್ದಳು, ಮೂಲೆಯ ಪೊರಕೆಯಂತೆ.

ಕೆಳಗೆ ಇಂಜಿನಿಯರ್ ಮೇಡಂ ದನಿ ಕೇಳಿಸಿತು. ಮೇಷ್ಟ್ರ ಬಾಗಿಲು ತೆರೆಯಿತು.

ಅಕ್ಕ ನನ್ನ ಮೊಣಕೈ ಹಿಡಿದಳು. ಚಿಕ್ಕಂದಿನಲ್ಲಿ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆಯೇ.

“ಒಂದೇ ಏಟು,” ಎಂದಳು. “ನೀನು ಆ ಕಡೆ ತಿರುಗಿಕೋ. ನಿನ್ನ ಸಾಕಿದ್ದಕ್ಕೆ ನಾನು ಯಾವತ್ತೂ ಏನೂ ಕೇಳಿಲ್ಲ.”

ನಿಜ. ಅವಳು ಯಾವತ್ತೂ ಏನೂ ಕೇಳಿರಲಿಲ್ಲ.

ತಿರುಗಿಕೊಳ್ಳಬಹುದಿತ್ತು. ಇನ್ನೊಬ್ಬರ ಮನೆ, ಇನ್ನೊಬ್ಬರ ಗೋಡೆ, ನನಗೇನು? ಕೆಳಗಿನಿಂದ ಮೇಷ್ಟ್ರು ನನ್ನನ್ನು ಕರೆದರು. ಸಾಮಾನು ಕಟ್ಟಿಲ್ಲ, ನೀವು ಬೇಡ ಅಂದಿದ್ರಲ್ಲ ಎಂದರು. ಆ ದನಿಯಲ್ಲಿ ಒಂದಿಷ್ಟೂ ಅನುಮಾನ ಇರಲಿಲ್ಲ. ನಾನು ಅಕ್ಕನನ್ನು ನಂಬಿದ ಹಾಗೆಯೇ ಅವರು ನನ್ನನ್ನು ನಂಬಿದ್ದರು.

ಅವಳ ಬೆರಳುಗಳನ್ನು ಬಿಡಿಸಿ ಸುತ್ತಿಗೆ ತೆಗೆದುಕೊಂಡೆ. ಒಂದೊಂದಾಗಿ... ಕೋಟು ನನ್ನ ಬೆರಳು ಬಿಡಿಸಿದ ಹಾಗೆ.

ಕೆಳಗಿಳಿದೆ. ಅಕ್ಕನ ಔಷಧದ ಡಬ್ಬಿ ತಂದೆ. ಬ್ಯಾಂಡೇಜ್ ಕಟ್ಟಿದ ದಿನ ಒರೆಸಿ ಇಟ್ಟ ಹತ್ತಿ ಡಬ್ಬಿಯ ಮುಚ್ಚಳದಲ್ಲೇ ಒಣಗಿ ಕೂತಿತ್ತು. ಮನೆಯಿಡೀ ಒರೆಸುವವಳು ನಾನು ಮುಚ್ಚಿಟ್ಟ ಡಬ್ಬಿಯನ್ನು ಮಾತ್ರ ತೆರೆದಿರಲಿಲ್ಲ. ಹತ್ತಿಯೊಳಗೆ ಆ ಗಾಜಿನ ಚೂರು, ಅದರ ಒಂದು ತುದಿಗೆ ಬಿಳಿಯ ಪ್ಲಾಸ್ಟರ್. ಅದನ್ನು ನಡುವಿನ ಗಾಜಿನ ಮುರಿದ ಅಂಚಿಗೆ ಹಿಡಿದೆ.

ಸರಿಯಾಗಿ ಕೂತಿತು.

ಇಂಜಿನಿಯರ್ ಮೇಡಂ ಕನ್ನಡಕ ಏರಿಸಿ ನೋಡಿದರು. ಚೂರು ಎಲ್ಲಿ ಸಿಕ್ಕಿತು ಎಂದು ಕೇಳಿದರು.

“ಅಕ್ಕನ ಬೆರಳಲ್ಲಿ.”

 ಮೇಲಿನಿಂದ ಅಕ್ಕ ಇಳಿದು ಬಂದಳು, ಕೈಯಲ್ಲಿ ಪೊರಕೆ, ಮೊರ. ಮೇಷ್ಟ್ರನ್ನು ನೋಡಲಿಲ್ಲ. ನನ್ನನ್ನು ದಾಟಿ ಹೋಗಿ ತನ್ನ ಬಾಗಿಲು ಹಾಕಿಕೊಂಡಳು. ಚಿಲಕದ ಸದ್ದು ಮೂರು ಮಹಡಿಗೂ ಕೇಳಿಸಿತು.

* * *

ಗೋಡೆ ಗಟ್ಟಿ ಎಂದು ತೀರ್ಮಾನವಾಯಿತು. ಕೋಟು ಬೇರೆ ಬೀದಿಯಲ್ಲಿ ಜಾಗ ಹುಡುಕುತ್ತಿದ್ದಾನೆ, ಈಗ ರಬ್ಬರ್ ಅಟ್ಟೆಯ ಬೂಟು ಹಾಕುತ್ತಾನಂತೆ. ಮೇಷ್ಟ್ರ ಪಿಟೀಲು ಮತ್ತೆ ಶುರುವಾಗಿದೆ. ಅಕ್ಕನಿಗೆ ಕೈಹಿಡಿ ಹಾಕಿಸಿಕೊಡಿ ಎಂದು ನಾನು ಮೂರು ಸಲ ಕಚೇರಿಗೆ ಹೋಗಿ ಜಗಳವಾಡಿ ಅನುಮತಿ ತಂದೆ. ಹಾಕಿಸಿದೆ. ಅವಳು ಅದನ್ನು ಮುಟ್ಟುವುದಿಲ್ಲ. ಗೋಡೆ ಹಿಡಿದೇ ಹತ್ತುತ್ತಾಳೆ.

ನನಗೆ ತಟ್ಟೆ ಮುಚ್ಚಿಡುವವರು ಈಗ ಯಾರೂ ಇಲ್ಲ. ಅಕ್ಕ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ಮೋಸ ಮಾಡಿದವಳು ಅವಳು, ಸಿಟ್ಟೂ ಅವಳದೇ!

ಮೆಟ್ಟಿಲು ಮಾತ್ರ ದಿನಾ ಒರೆಸುತ್ತಾಳೆ. ಕೆಳಗಿನಿಂದ ಮೇಲಿನವರೆಗೆ, ಕನ್ನಡಿಯ ಹಾಗೆ. ನನ್ನ ಬಾಗಿಲ ಮುಂದಿನ ಮೆಟ್ಟಿಲೊಂದನ್ನು ಬಿಟ್ಟು.

ಅಲ್ಲಿ ಧೂಳು ಕೂತಿದೆ. ನಾನೂ ಒರೆಸುವುದಿಲ್ಲ.

ಯಾರು ಬಂದು ಹೋದರು ಎಂದು ಹೆಜ್ಜೆ ಗುರುತಿನಲ್ಲೇ ಗೊತ್ತಾಗುತ್ತದೆ... ಎಲ್ಲರನ್ನೂ ಅನುಮಾನಿಸು, ಇನ್ನು ಮುಂದೆ ಮನೆಯವರಿಗೂ ಅದೇ ರೂಲು!