ಕುರಿಗಳು ಬಿಟ್ಟ ಜಾಗ

ಆದೋನಿಯ ಹೊರಗಿನ ಗುಡ್ಡದ ಕಾಡಿನಲ್ಲಿ ವಾಕಿಂಗಿಗೆ ಬರುವವರಿಗೆಂದು ಮಾಡಿದ ಸಲೀಸು ದಾರಿಯೊಂದಿದೆ. ನಮ್ಮ ಯಜಮಾನರು ಸುಜಯೀಂದ್ರ ತೀರಿಕೊಂಡ ಮೇಲೂ ನಾನು ದಿನಾ ಬೆಳಿಗ್ಗೆ ಅಲ್ಲಿ ನಡೆಯುತ್ತಿದ್ದೆ, ಅವರು ನಡೆಯುತ್ತಿದ್ದ ನನ್ನ ಬಲಬದಿಯನ್ನು ಖಾಲಿ ಬಿಟ್ಟು.

ಮೊನ್ನೆ ಜಂಬಪ್ಪನ ಕುರಿಹಿಂಡು ಎದುರು ಬಂತು. ಕುರಿಗಳು ನನ್ನ ಎಡಗಾಲಿಗೆ ಮೈ ಉಜ್ಜುತ್ತ ಸಾಗಿದವು. ಬಲಕ್ಕೆ ಮಾತ್ರ ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಸುತ್ತಿ ಹೋದವು. ಅಲ್ಲಿ ಧೂಳೂ ಏಳಲಿಲ್ಲ. ನನ್ನ ಬಲಗೈ ಬೆಚ್ಚಗಾಯಿತು. ನನ್ನನ್ನು ನಾನೇ ಅಷ್ಟು ನಂಬುವವಳಲ್ಲ, ಆದರೆ ಜಂಬಪ್ಪನೂ ಅದನ್ನು ಕಂಡ.

“ಅಮ್ಮಾರ, ಅಲ್ಲಿ ಹಾವೇನಾರ ಐತೇನ್ ನೋಡ್ರಿ. ಈ ಹುಚ್ಚ ಕುರಿ ಹಂಗ್ಯಾಕ ಸುತ್ತಿ ಹೋಗ್ತಾವ?”

“ಏನಿಲ್ಲಪ್ಪಾ, ಹೋಗ್ಲಿ ಬಿಡು” ಎಂದೆ. ಅಂದು ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡೆ.

ಮರುದಿನವೂ ಅಲ್ಲೇ ಹೋಗಿ ನಿಂತೆ. ಕುರಿಗಳು ಎರಡೂ ಬದಿಗೆ ನನ್ನನ್ನು ಉಜ್ಜಿಕೊಂಡೇ ಹೋದವು. ತಲೆಯೆತ್ತಿ ನೋಡಿದರೆ, ಮೇಲಿನ ತಿರುವಿನಲ್ಲಿ ಉಳಿದ ಹಿಂಡು ಎರಡಾಗಿ ಸೀಳಿ ಇಳಿಯುತ್ತಿತ್ತು. ನಡುವಿನ ಖಾಲಿ ಜಾಗ ನಿಧಾನವಾಗಿ ಗುಡ್ಡ ಹತ್ತುತ್ತಿತ್ತು.

“ರೀ...” ಎಂದು ಕೂಗಿದೆ.

ಅದು ಒಂದು ಗಳಿಗೆ ನಿಂತಿತು. ಆಮೇಲೆ ಮತ್ತೆ ಹತ್ತತೊಡಗಿತು.