ನಾಲ್ಕು ವರ್ಷದ ಕಪ್ಪು ಮೀಸೆ

"ಇದೇ ಕಡೇ ಸಲ, ವಿಸ್ತಿನ್. ಮುಂದಿನ ವರ್ಷ ಬೇರೆ ಯಾರನ್ನಾದ್ರೂ ನೋಡ್ಕೋ."

ಡುಮಿಂಕಾ ಅವನ ಮುಖ ನೋಡದೆಯೇ ಹೇಳಿದಳು.

ದೋಣಿಯ ಮೈಗೆ ನೀಲಿ, ಕೆಂಪು ಪಟ್ಟೆಗಳನ್ನು ವಿಸ್ತಿನ್ ತಾನೇ ಬಳಿದುಕೊಂಡಿದ್ದ. ಉಳಿದದ್ದು ಅವಳ ಕೆಲಸ. ಮೂತಿಯ ಎರಡೂ ಬದಿಗೆ ಕಣ್ಣು, ಹುಬ್ಬು, ಕೊನೆಗೆ ಮೀಸೆಯಂತೆ ಬಾಗಿದ ಪಟ್ಟೆ.

"ಯಾಕೆ?"

"ಸಾಕಾಗಿದೆ."

ನಿಜಕ್ಕೂ ಸಾಕಾಗಿತ್ತು. ಈ ವಸಂತದಲ್ಲಿ ಇದು ಹನ್ನೊಂದನೇ ದೋಣಿ. ಬೆನ್ನು, ಕತ್ತು, ಮಣಿಕಟ್ಟು ಎಲ್ಲ ಸೋತಿದ್ದವು. ಉಳಿದ ಹತ್ತರ ಆಯಾಸ ನಿದ್ದೆ ಮಾಡಿದರೆ ಹೋಗುತ್ತಿತ್ತು. ಇದೊಂದರದ್ದು ಹೋಗುತ್ತಿರಲಿಲ್ಲ.

ಅವರ ಮೀನುಗಾರರ ಊರು ಮಾರ್ಸಾಶ್ಲೊಕ್‌ನ ದೋಣಿಗಳಿಗೆ ಹಳದಿ ಮೀಸೆ. ಮನೆಯಲ್ಲಿ ಸಾವಾದರೆ ಒಂದು ವರ್ಷ ಕಪ್ಪು. ವಿಸ್ತಿನ್‌ನ ತಮ್ಮ ಗ್ರೇತ್ಸಿಯು ಜ್ವರದಲ್ಲಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಡುಮಿಂಕಾಳನ್ನು ಮದುವೆಯಾಗಬೇಕಿದ್ದವನು ಅವನೇ.

ಆದರೂ ಪ್ರತಿ ಏಪ್ರಿಲ್‌ನಲ್ಲಿ ಅವಳು ಕಪ್ಪು ಡಬ್ಬಿಯನ್ನೇ ತೆರೆಯುತ್ತಿದ್ದಳು. ವಿಸ್ತಿನ್ ಒಮ್ಮೆಯೂ ಬೇಡ ಎಂದಿರಲಿಲ್ಲ.

'ನನ್ನನ್ನು ನೋಡಿದಾಗಲೆಲ್ಲ ಇವನಿಗೆ ತಮ್ಮನೇ ನೆನಪಾಗ್ತಾನೆ... ನನ್ನ ಮನಸ್ಸಲ್ಲಿ ಏನಿದೆ ಅಂತ ಗೊತ್ತಾದ್ರೆ ಏನಂದ್ಕೊಳ್ತಾನೋ!'

ಅವಳು ವಿಸ್ತಿನ್‌ನನ್ನು ಪ್ರೀತಿಸುತ್ತಿದ್ದಳು. ಆ ಮಾತನ್ನು ನುಂಗಿ ನುಂಗಿ ದಣಿದುಹೋಗಿದ್ದಳು. ಇವತ್ತಿಗೆ ಇದು ಮುಗಿಯಲಿ ಎಂದುಕೊಂಡು ಕಪ್ಪು ಡಬ್ಬಿಯ ಮುಚ್ಚಳ ತೆಗೆದಳು.

ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಚೆನ್ಸಾ ಅಜ್ಜಿಗೆ ತಡೆಯಲಾಗಲಿಲ್ಲ.

"ಏನೋ ವಿಸ್ತಿನ್, ನಿನ್ನ ತಮ್ಮ ವರ್ಷಾ ವರ್ಷಾ ಸಾಯ್ತಾನೇನೋ? ನನ್ನ ಗಂಡನಿಗೇ ನಾನು ಒಂದೇ ವರ್ಷ ಕಪ್ಪು ಬಳಿಸಿದ್ದು. ಅವನೇನು ಕೆಟ್ಟವನಾಗಿರಲಿಲ್ಲ!"

ವಿಸ್ತಿನ್‌ನ ಮುಖ ಕೆಂಪಾಯಿತು. "ನನ್ನ ಯಾಕೆ ಕೇಳ್ತೀಯ ಅಜ್ಜಿ? ಬಳಿಯೋಳು ಅವಳು. ಅವಳ ದುಃಖ ಮುಗೀಲಿ ಅಂತ ನಾನು ಕಾಯ್ತಾ ಇದ್ದೀನಿ."

ಡುಮಿಂಕಾಳ ಕುಂಚ ಗಾಳಿಯಲ್ಲೇ ನಿಂತಿತು.

"ನನ್ನ ದುಃಖಾನಾ?! ನೀನು ಬೇಡ ಅನ್ನಲಿಲ್ಲ ಅಂತ ನಾನು ಬಳಿದೆ!"

"ನೀನು ಡಬ್ಬಿ ತೆಗೆದೆ ಅಂತ ನಾನು ಸುಮ್ಮನಿದ್ದೆ!"

"ಬಾಯಿರಲಿಲ್ವಾ ನಿನಗೆ?"

"ನಿನಗಿತ್ತಾ?"

ಅಜ್ಜಿ ಬಲೆ ಬದಿಗಿಟ್ಟು ಎದ್ದಳು. "ಟೀ ಕುಡಿದು ಬರ್ತೀನಿ. ಜಗಳ ಅಷ್ಟರಲ್ಲಿ ಮುಗಿಸ್ಕೊಳ್ಳಿ."

ಅವಳು ಹೋದ ಮೇಲೆ ಡುಮಿಂಕಾ ದೋಣಿಯ ನೆರಳಿನಲ್ಲಿ ಕುಸಿದು ಕೂತಳು. ಕಣ್ಣು ತುಂಬಿ ಬಂತು.

"ಗ್ರೇತ್ಸಿಯುಗಾಗಿ ಅತ್ತಿದ್ದೀನಿ, ವಿಸ್ತಿನ್. ಒಂದು ವರ್ಷ ಪೂರ್ತಿ. ಆಮೇಲೆ... ಆಮೇಲೆ ನಿನ್ನ ನೋಡೋಕೆ ಬರ್ತಿದ್ದೆ."

ವಿಸ್ತಿನ್ ಅವಳ ಪಕ್ಕದಲ್ಲಿ ಕೂತ. ಮೆಲ್ಲಗೆ ಹೇಳಿದ.

"ದೋಣಿಗೆ ವರ್ಷಕ್ಕೊಂದೇ ಸಲ ಯಾಕೆ ಬಣ್ಣ ಹಚ್ಚಬೇಕು ಅಂತ ಬೈಕೊಳ್ತಿದ್ದೆ ನಾನು."

ಅಳುವಿನ ಮಧ್ಯೆ ಅವಳಿಗೆ ನಗು ಬಂತು. "ಇದು ತಪ್ಪಾ?"

"ಗೊತ್ತಿಲ್ಲ ಡುಮಿಂಕಾ. ನನಗೂ ಸುಸ್ತಾಗಿದೆ. ತಪ್ಪಾದ್ರೆ ಇಬ್ರೂ ಸೇರಿ ಮಾಡೋಣ."

ಅವಳು ಹಳದಿ ಡಬ್ಬಿಗೆ ಕೈ ಚಾಚಿದಳು. ನೋಯುವ ಮಣಿಕಟ್ಟನ್ನು ಒಮ್ಮೆ ಒತ್ತಿಕೊಂಡಳು.

"ಬಿಡು, ನಾಳೆ ಬಳಿಯುವಂತೆ," ಎಂದ ವಿಸ್ತಿನ್.

"ನಾಳೆ ಬರ್ತೀನಿ ಅಂತ ಯಾರು ಹೇಳಿದ್ದು?"

"ನಾಳೆ ಬಾ. ನಾಡಿದ್ದೂ ಬಾ."

"ನಾಡಿದ್ದಿಗೆ ಬಣ್ಣದ ಕೆಲಸ ಮುಗಿದಿರುತ್ತಲ್ಲ?"

"ಮುಗಿದಿರಲಿ. ಆಗ ನಿನ್ನ ಕೈ ಖಾಲಿ ಇರುತ್ತೆ... ನಾನು ಹಿಡ್ಕೋಬಹುದು."

ಡುಮಿಂಕಾ ಕುಂಚವನ್ನು ಕೆಳಗಿಟ್ಟಳು.

"ನಾಡಿದ್ದಿನವರೆಗೂ ಯಾಕೆ ಕಾಯ್ತೀಯ?"