ಪತ್ರೊಡೆಗೆ ಸಾಲದ ಹುಳಿ

ಕತ್ತಿನ ಹಿಂದೆ ಅಂಟಿಸಿಕೊಂಡ ನೆಮ್ಮದಿಪಟ್ಟಿ ಒಮ್ಮೆ ಬೆಚ್ಚಗಾಯಿತು. ಚೈತ್ರಕ್ಕನ ಮೊಣಕೈಯ ತುರಿಕೆ ಹೇಳಹೆಸರಿಲ್ಲದಂತೆ ಅಡಗಿತು. ಮೈಯ ಯಾವ ಮೂಲೆಯಿಂದಲೇ ಆಗಲಿ, ತುರಿಕೆಯ ಸುದ್ದಿಯನ್ನು ಮಿದುಳಿಗೆ ಒಯ್ಯುವ ನರಗಳನ್ನು ಸಣ್ಣ ವಿದ್ಯುತ್ತಿನಿಂದ ಸುಮ್ಮನಾಗಿಸುವ ಪಟ್ಟಿ ಅದು. ಇಪ್ಪತ್ತೊಂದನೇ ಶತಮಾನ ಅರ್ಧ ದಾಟಿದ ಮೇಲೆ ಬಂದದ್ದು. ಬೇವು, ಕೊಬ್ಬರಿ ಎಣ್ಣೆ, ಕಂಡಕಂಡ ಮುಲಾಮು ಯಾವುದಕ್ಕೂ ಜಗ್ಗದ ಇಸಬು ಆಕೆಯದು. ಕೆರೆದು ಕೆರೆದು ರಕ್ತ ಬರಿಸಿಕೊಂಡು, ಮೊಮ್ಮಗಳನ್ನು ಎತ್ತಿಕೊಳ್ಳಲೂ ಅಂಜುತ್ತಿದ್ದಳು. ಕೆರೆತ ನಿಂತದ್ದೇ ಗಾಯ ಮಾಗಿತು.

ಪಟ್ಟಿ ಕಂಡುಹಿಡಿದ ಡಾಕ್ಟರ್ ಅನ್ವಿತಾ ತನ್ನ ಮಂಗಳೂರಿನವರೇ ಎಂದು ತಿಳಿದದ್ದೇ ತಡ, ಊಟಕ್ಕೆ ಕರೆದಳು. ಪತ್ರೊಡೆಗಿಂತ ದೊಡ್ಡ ಮರ್ಯಾದೆ ಆಕೆಗೆ ಗೊತ್ತಿರಲಿಲ್ಲ.

ಪತ್ರೊಡೆಗೆಂದು ಹಿಟ್ಟು ಸವರಿ ಸುತ್ತಿ ಬೇಯಿಸುವ ಕೆಸುವಿನ ಎಲೆಯಲ್ಲಿ ಕಣ್ಣಿಗೆ ಕಾಣದ ಸೂಜಿಯಂಥ ಹರಳುಗಳಿರುತ್ತವೆ. ಅವು ಗಂಟಲಿಗೆ ಚುಚ್ಚದಿರಲೆಂದೇ ಹುಣಸೆಹುಳಿ. ನಾರು ತೆಗೆಯುವಾಗ ಕೈ ಎಷ್ಟು ತುರಿಸುತ್ತದೋ ಅಷ್ಟು ಹುಳಿ, ಇದು ಅಜ್ಜಿ ಕಲಿಸಿದ ಲೆಕ್ಕ. ಅಂದು ಕೈ ತುರಿಸಲೇ ಇಲ್ಲ. ಒಳ್ಳೆಯ ಕೆಸು ಸಿಕ್ಕಿತೆಂದು ಹಿಗ್ಗಿ ಹುಳಿ ಕಡಿಮೆ ಹಾಕಿದಳು.

ಎರಡನೇ ತುಂಡಿಗೆ ಅನ್ವಿತಾ ಅವರ ಕಣ್ಣಲ್ಲಿ ನೀರು.

“ಎಂತ ಆಯ್ತು ಡಾಕ್ಟ್ರೇ? ಖಾರವಾ?”

“ಗಂಟಲು ತುರಿಸ್ತದೆ ಅಕ್ಕ. ನಿಮಗೆ ಎಂತ ಆಗುದಿಲ್ವಾ?”

“ಇಲ್ವಲ್ಲ!”

ಡಾಕ್ಟರ ಕಣ್ಣು ಆಕೆಯ ಕತ್ತಿನತ್ತ ಹೋಯಿತು. ಇಬ್ಬರಿಗೂ ಒಮ್ಮೆಗೇ ಅರ್ಥವಾಯಿತು.

“ಮಾಡಿದ್ದುಣ್ಣೋ ಮಹಾರಾಯ ಅಂದ್ರೆ ಇದೇ,” ಎಂದು ಮಜ್ಜಿಗೆ ಕುಡಿದು ನಕ್ಕವರು ಸಟ್ಟನೆ ಗಂಭೀರರಾದರು. “ಮೈಗೆ ಆಗದ್ದನ್ನು ತಿಂದ್ರೆ ಮೊದಲು ಹೇಳುದೇ ತುರಿಕೆ. ಅದರ ಬಾಯಿಯೇ ಕಟ್ಟಿಬಿಟ್ಟೆ ನಾನು. ಪಟ್ಟಿ ಎಲ್ಲ ವಾಪಸ್ ತರಿಸ್ಬೇಕು.”

ಚೈತ್ರಕ್ಕ ಕತ್ತಿನ ಪಟ್ಟಿಯನ್ನು ಅಂಗೈಯಿಂದ ಮುಚ್ಚಿಕೊಂಡಳು.

“ಬೇಡ ಮಾರಾಯ್ರೆ! ಮಗುವನ್ನು ಈಗಷ್ಟೇ ಎತ್ತಿಕೊಳ್ತಾ ಇದ್ದೇನೆ. ಉಂಗುರ ತೆಗೆದಿಟ್ಟು ಹಿಟ್ಟು ಕಲಸುದಿಲ್ವಾ? ಹಾಗೆ ಇದನ್ನೂ ಅಡುಗೆಗೆ, ಊಟಕ್ಕೆ ತೆಗೆದಿಟ್ರೆ ಸಾಕಾಗುದಿಲ್ವಾ?”

ಡಾಕ್ಟರ್ ಯೋಚಿಸಿದರು. “ಸದ್ಯಕ್ಕೆ ಸಾಕು. ಎಲ್ಲರಿಗೂ ಇವತ್ತೇ ತಿಳಿಸ್ತೇನೆ. ಹೊಸ ತುರಿಕೆ ಬಂದ್ರೆ ಒಮ್ಮೆ ತುರಿಸಲು ಬಿಟ್ಟು, ಆಮೇಲೆ ಸುಮ್ಮನಾಗಿಸುವ ಪಟ್ಟಿ ಮಾಡ್ತೇನೆ.”

ಮರುವರ್ಷ ಮಳೆಗಾಲದ ಆಟಿ ತಿಂಗಳಲ್ಲಿ ಆ ಹೊಸ ಪಟ್ಟಿ ಧರಿಸಿಯೇ ಚೈತ್ರಕ್ಕ ಕೆಸು ಹಿಡಿದಳು. ಬೆರಳುಗಳು ಚುರುಚುರು ತುರಿಸಿದವು, ಮತ್ತೆ ತಣ್ಣಗಾದವು. ಜೀವಮಾನವೆಲ್ಲ ಶಪಿಸಿದ ತುರಿಕೆಗೆ ಮೊದಲ ಬಾರಿ ಮನಸಾರೆ ಕೈಮುಗಿದು, ಇನ್ನಷ್ಟು ಹುಳಿ ಕಿವುಚಿದಳು. ಅನ್ವಿತಾ ನಾಲ್ಕು ತುಂಡು ತಿಂದರು.

ಅಂಥ ಪಟ್ಟಿ ನಮಗಿನ್ನೂ ಬಂದಿಲ್ಲ. ಕೆರೆಯಲು ಕೈ ಎತ್ತುವ ಮೊದಲು, ಮೈ ಏನು ಹೇಳುತ್ತಿದೆ ಎಂದು ಒಮ್ಮೆ ಕೇಳಿದರೆ ಗಂಟೇನು ಹೋಗುತ್ತದೆ?